ಸಂಬಳ ಬಂದ ದಿನವೇ ಪಿಗ್ಮಿ

ಉಡುಪಿಯ ರಥಬೀದಿಯ ಸುತ್ತ, ಮಂಗಳೂರಿನ ಸೆಂಟ್ರಲ್ ಮಾರ್ಕೆಟಿನ ಆಸುಪಾಸಿನಲ್ಲಿ ಕೈಯಲ್ಲಿ ಸಣ್ಣ ಯಂತ್ರ ಹಿಡಿದು ದಿನದ ಉಳಿತಾಯ ವಸೂಲು ಮಾಡಲು ಅಂಗಡಿಯಿಂದ ಅಂಗಡಿಗೆ ಹೋಗುವ ಪಿಗ್ಮಿಯವರು ಈಗಲೂ ಕಾಣಸಿಗುತ್ತಾರೆ. ಅಂಗಡಿಯವರು ಗಲ್ಲಾಪೆಟ್ಟಿಗೆಯಿಂದ ಐವತ್ತೋ ನೂರೋ ತೆಗೆದುಕೊಟ್ಟು, ರಶೀದಿಯನ್ನು ಮೊಳೆಗೆ ಸಿಕ್ಕಿಸಿ, ಮತ್ತೆ ವ್ಯಾಪಾರಕ್ಕೆ ತಿರುಗುತ್ತಾರೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಈ ಠೇವಣಿಯನ್ನು ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ನಡೆಯುತ್ತಿತ್ತು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಎಂಬ ಮಾತು ಊರಿನ ಬಾಯಲ್ಲಿ ಹಾಗೇ ಉಳಿಯಿತು.

ಪಿಗ್ಮಿ ನಿಂತಿರುವುದು ಒಂದೇ ಲೆಕ್ಕದ ಮೇಲೆ. ಅಂಗಡಿ ಬಾಗಿಲು ಹಾಕಿ, ಮನೆಗೆ ಸಾಮಾನು ಕೊಂಡು, ಮಿಕ್ಕಿದ್ದನ್ನು ಉಳಿಸುತ್ತೇನೆ ಎಂದುಕೊಂಡರೆ ಏನೂ ಮಿಗುವುದಿಲ್ಲ. ಅದಕ್ಕೇ ಖರ್ಚಿಗೆ ಕೈಹಾಕುವ ಮೊದಲು ಒಬ್ಬರು ಬಂದು ಅದನ್ನು ತೆಗೆದುಕೊಂಡು ಹೋಗುತ್ತಾರೆ. ದುಡಿಯಲು ಗಲ್ಫಿಗೆ ಹೋದರೆ ದುಬೈಯಲ್ಲೋ ಶಾರ್ಜಾದಲ್ಲೋ ಬಾಗಿಲು ತಟ್ಟುವ ಪಿಗ್ಮಿಯವರಿಲ್ಲ. ಸಂಬಳ ಖಾತೆಗೆ ಬಿದ್ದ ದಿನವೇ ಆ ಕೆಲಸವನ್ನು ನೀವೇ ಮಾಡಿಕೊಳ್ಳಬೇಕು. ಗಲ್ಫಿಗೆ ಹೋಗಿ ಹತ್ತು ವರ್ಷ ದುಡಿದೂ ಬರಿಗೈಯಲ್ಲಿ ಬಂದವರಲ್ಲಿ ದುಂದುಗಾರರು ಕಡಿಮೆ. ಹೆಚ್ಚಿನವರು ತಿಂಗಳ ಕೊನೆಗೆ ಉಳಿಸೋಣ ಎಂದು ಕಾದವರು, ಅಥವಾ ಉಳಿಸಿದ್ದನ್ನು ತಮ್ಮ ಹೆಸರಿನಲ್ಲಿ ಇಡದೆ ಹೋದವರು.

ಮೊದಲು ಹೊರಡುವಾಗಿನ ಸಾಲ. ಅಮ್ಮನ ಚಿನ್ನ ಅಡವಿಟ್ಟು, ಇಲ್ಲವೇ ಕೈಸಾಲ ಮಾಡಿ ವೀಸಾಕ್ಕೆಂದು ದುಡ್ಡು ಕೊಟ್ಟವರು ತುಂಬಾ ಇದ್ದಾರೆ. ಯುಎಇಯ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ಖರ್ಚನ್ನು ಕಂಪನಿಯೇ ಹೊರಬೇಕು, ನೌಕರನಿಂದ ವಸೂಲು ಮಾಡುವಂತಿಲ್ಲ. ಭಾರತದ ಕಡೆಯಲ್ಲಿ ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ಅದಕ್ಕಿಂತ ಹೆಚ್ಚು ಕೇಳಿದರೆ ಅಲ್ಲಿಗೇ ನಿಲ್ಲುವುದು ಒಳ್ಳೆಯದು. ಸಾಲ ಆಗಿಹೋಗಿದ್ದರೆ ಅದರ ಬಡ್ಡಿ ನೋಡಿ. ಕೈಸಾಲದ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ಎಂದರೆ ವರ್ಷಕ್ಕೆ ನೂರಕ್ಕೆ ಇಪ್ಪತ್ತನಾಲ್ಕು. ಯಾವ ಠೇವಣಿಯೂ ಅಷ್ಟು ಬಡ್ಡಿ ಕೊಡುವುದಿಲ್ಲ. ಆ ಸಾಲ ತೀರುವವರೆಗೆ ಉಳಿತಾಯದ ಪಾಲೆಲ್ಲ ಅದಕ್ಕೇ ಹೋಗಲಿ. ಕೈಯಲ್ಲಿ ಒಂದು ತಿಂಗಳ ಖರ್ಚು ಮತ್ತು ಊರಿಗೆ ಬರುವ ಟಿಕೆಟಿನ ದುಡ್ಡು ಇದ್ದರೆ ಸದ್ಯಕ್ಕೆ ಸಾಕು.

ಇನ್ನು ತಿಂಗಳ ಲೆಕ್ಕ. ಡಿಪ್ಲೊಮಾ ಮುಗಿಸಿ ದುಬೈಗೆ ಹೋದ ಕಾಪುವಿನ ಹುಡುಗನಿಗೆ 4,000 ದಿರ್ಹಮ್ ಸಂಬಳ, ಕಂಪನಿಯ ರೂಮು ಇಲ್ಲ ಎಂದಿಟ್ಟುಕೊಳ್ಳೋಣ. ಕರೆಂಟು, ನೀರು, ಇಂಟರ್ನೆಟ್ ಸೇರಿ ಬೆಡ್‌ಸ್ಪೇಸಿಗೆ, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಜಾಗಕ್ಕೆ, 800. ಮೆಸ್ಸಿಗೆ 450. ಎರಡು ವಲಯದ ಪ್ರಯಾಣವಾದರೆ ದುಬೈಯ ಬಸ್ಸು ಮೆಟ್ರೊಗಳಿಗೆ ಬಳಸುವ ಸಾದಾ ನೋಲ್ ಕಾರ್ಡಿನಲ್ಲಿ ಒಂದು ಸಲಕ್ಕೆ 5 ದಿರ್ಹಮ್, ದಿನಕ್ಕೆ ಎರಡು ಸಲದಂತೆ 26 ದಿನಕ್ಕೆ 260. ಫೋನಿಗೆ 75, ಸಾಬೂನು, ಕ್ಷೌರ, ಇಸ್ತ್ರಿ ಎಲ್ಲ ಸೇರಿ 90. ನಿರುದ್ಯೋಗ ವಿಮೆಗೆ 5. ಚಾ, ರಜಾದಿನದ ತಿರುಗಾಟಕ್ಕೆ 150. ಇಲ್ಲಿಗೆ 1,830 ಆಯಿತು.

ಇಷ್ಟನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ತಪ್ಪುವುದು ಮುಂದಿನ ಸಾಲಿನಲ್ಲಿ. ವರ್ಷಕ್ಕೊಮ್ಮೆ ಬರುವ ಖರ್ಚು ತಿಂಗಳ ಪಟ್ಟಿಯಲ್ಲಿ ಇರುವುದೇ ಇಲ್ಲ. ಊರಿಗೆ ಹೋಗಿಬರಲು 1,400, ತೆಗೆದುಕೊಂಡು ಹೋಗುವ ಸಾಮಾನಿಗೆ 600, ಬಟ್ಟೆ ಚಪ್ಪಲಿಗೆ 360, ಔಷಧಕ್ಕೆ ವಿಮೆಯ ಮೇಲೆ ಕೈಯಿಂದ ಕೊಡುವುದು 240, ಮನೆಯ ಭೂತಕೋಲ, ಮದುವೆ, ಮನೆಒಕ್ಕಲಿಗೆ 600. ಒಟ್ಟು 3,200. ಇದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 267 ಆಗುತ್ತದೆ, 270 ಎಂದೇ ಬೇರೆ ಇಡಿ. ಹೀಗೆ ಇಡದವರು ರಜೆ ಹತ್ತಿರ ಬಂದಾಗ ಕ್ರೆಡಿಟ್ ಕಾರ್ಡ್ ಉಜ್ಜುತ್ತಾರೆ. ಊರಿಂದ ವಾಪಸ್ ಬಂದು ಆರು ತಿಂಗಳು ಅದರ ಬಡ್ಡಿ ಕಟ್ಟುತ್ತಾರೆ, ಅಷ್ಟರಲ್ಲಿ ಮತ್ತೊಂದು ರಜೆ ಬಂದಿರುತ್ತದೆ. ಕಾರ್ಡಿನ ಬಿಲ್ಲಿನಲ್ಲಿ ಬರೆದಿರುವ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋದರೆ ಸಾಲದ ಬುಡ ಅಲುಗಾಡುವುದೇ ಇಲ್ಲ.

ಈಗ ಖರ್ಚು 2,100, ಮಿಕ್ಕದ್ದು 1,900. ಇದರಲ್ಲಿ ಮನೆಗೆ 1,000, ತನ್ನ ಹೆಸರಿಗೆ 900. ಸಾಲ ಇದ್ದರೆ ಆ 900 ಸಾಲಕ್ಕೆ. ಬಾಡಿಗೆ ಒಂದೊಂದು ಕಡೆ ಒಂದೊಂದು ತರ, ಆದ್ದರಿಂದ ಅಂಕಿಗಳು ನಿಮ್ಮಲ್ಲಿ ಬೇರೆಯಾಗುತ್ತವೆ. ಕ್ರಮ ಇದೇ ಇರಲಿ: ಸಂಬಳದ ದಿನ 900 ಮೊದಲು ಹೊರಡಬೇಕು, ಮನೆಯದ್ದು ಎರಡನೆಯದು, 270 ಬೇರೆ ಖಾತೆಗೆ. ಉಳಿದದ್ದರಲ್ಲಿ ತಿಂಗಳು ಕಳೆಯಬೇಕು.

ಎಲ್ಲಿ ಕಡಿತ ಮಾಡಬೇಕು ಎಂಬುದರಲ್ಲೂ ಒಂದು ತಪ್ಪು ಅಭ್ಯಾಸವಿದೆ. ಒಂದು ದಿರ್ಹಮಿನ ಚಾ ಕುಡಿಯುವಾಗ ‘ಊರಿನ ಇಪ್ಪತ್ತು ಚಿಲ್ಲರೆ ರೂಪಾಯಿ’ ಎಂದು ಮನಸ್ಸು ಅಳುತ್ತದೆ, ಮಧ್ಯಾಹ್ನದ ಊಟ ಬಿಟ್ಟು ಬಿಸ್ಕತ್ತು ತಿನ್ನುವವರೂ ಇದ್ದಾರೆ. ಅದೇ ಮನುಷ್ಯ ಕಂತಿನ ಮೇಲೆ 3,500 ದಿರ್ಹಮಿನ ಫೋನು ತೆಗೆದುಕೊಳ್ಳುತ್ತಾನೆ. ರೂಪಾಯಿಗೆ ತಿರುಗಿಸುವ ಲೆಕ್ಕವನ್ನು ಬಿಟ್ಟುಬಿಡಿ. ದುಡಿಯುವುದು ದಿರ್ಹಮಿನಲ್ಲಿ, ಖರ್ಚೂ ದಿರ್ಹಮಿನಲ್ಲಿ. ಸಂಬಳದ ಎಷ್ಟನೆಯ ಪಾಲು ಎಂದು ನೋಡುವುದೇ ಸರಿಯಾದ ಅಳತೆ. ಹಾಗೆ ನೋಡಿದರೆ ಮೇಲಿನ ಪಟ್ಟಿಯಲ್ಲಿ ಬೆಡ್ಡು, ಊಟ, ಪ್ರಯಾಣ ಮೂರೇ 1,510 ನುಂಗುತ್ತವೆ. ಉಳಿತಾಯ ಹೆಚ್ಚುಕಡಿಮೆ ಆಗುವುದು ಅಲ್ಲಿ.

ಬೆಡ್ಡು ನೋಡುವಾಗ ಪ್ರಯಾಣವನ್ನೂ ಕೂಡಿಸಿ ನೋಡಿ. ಶಾರ್ಜಾದಲ್ಲಿ 200 ಕಡಿಮೆಗೆ ಸಿಕ್ಕಿತೆಂದು ಹೋಗಿ, ಬಸ್ಸಿಗೆ ದಿನಕ್ಕೆ 10 ದಿರ್ಹಮ್ ಹೆಚ್ಚು ಬಿದ್ದರೆ ತಿಂಗಳಿಗೆ 260 ಆಯಿತು. ಅರವತ್ತು ದಿರ್ಹಮ್ ನಷ್ಟ, ಮೇಲಿಂದ ದಿನಕ್ಕೆ ಎರಡು ಗಂಟೆ ನಿದ್ದೆ ಹೋಯಿತು. ಪ್ಲೈವುಡ್ ಅಡ್ಡಗಟ್ಟಿ ಮಾಡಿದ ಅಕ್ರಮ ಪಾರ್ಟಿಶನ್ ಬೇಡ. 2025ರಲ್ಲಿ ದುಬೈ ಪುರಸಭೆ ಇಂಥವುಗಳ ಮೇಲೆ ಬಿಗಿ ಕ್ರಮ ತೆಗೆದುಕೊಂಡಿತು. ಹಾಗೆ ರೂಮು ಖಾಲಿ ಮಾಡಬೇಕಾಗಿ ಬಂದರೆ ಕೊಟ್ಟ ಡಿಪಾಸಿಟ್ ಕೇಳಲು ಕಾಗದವೇ ಇರುವುದಿಲ್ಲ. ದುಡ್ಡು ತೆಗೆದುಕೊಳ್ಳುವವರ ಹೆಸರು ಇಜಾರಿ ಪತ್ರದಲ್ಲಿ (ದುಬೈಯಲ್ಲಿ ನೋಂದಾಯಿಸಿದ ಬಾಡಿಗೆ ಕರಾರು) ಇದೆಯೇ ನೋಡಿ, ರಶೀದಿ ಬರೆಸಿಕೊಂಡೇ ಕೊಡಿ.

ಊಟದ ವಿಷಯ ಸ್ವಲ್ಪ ಉದ್ದಕ್ಕೆ ಹೇಳಲೇಬೇಕು, ಏಕೆಂದರೆ ಐದು ಜನ ಸೇರಿ ನಡೆಸುವ ಮೆಸ್ಸು ಸರಿ ಇದ್ದರೆ ಅದರಷ್ಟು ಉಳಿಸಿಕೊಡುವುದು ಬೇರೆ ಇಲ್ಲ. ತಲೆಗೆ 450ರಂತೆ ತಿಂಗಳಿಗೆ 2,250, ಅಂದರೆ ಐವರಿಗೆ ದಿನಕ್ಕೆ 75 ದಿರ್ಹಮ್, ಒಬ್ಬರಿಗೆ 15. ಹೊರಗೆ ಒಂದು ಹೊತ್ತಿನ ಊಟಕ್ಕೆ ಹೋಗುವ ದುಡ್ಡಿನಲ್ಲಿ ಇಲ್ಲಿ ಇಡೀ ದಿನ ಕಳೆಯುತ್ತದೆ. ಕುಚ್ಚಲಕ್ಕಿ ಒಬ್ಬರಿಗೆ ಒಂದು ಹೊತ್ತಿಗೆ 110 ಗ್ರಾಂ ಹಿಡಿಯಿರಿ. ಮಧ್ಯಾಹ್ನದ ಬುತ್ತಿ, ರಾತ್ರಿಯ ಊಟ ಸೇರಿ ದಿನಕ್ಕೆ ಸುಮಾರು 1.1 ಕಿಲೋ, ತಿಂಗಳಿಗೆ 33 ಕಿಲೋ. ರಾತ್ರಿಯೇ ನೆನೆಸಿಟ್ಟರೆ ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ರಾತ್ರಿ ಮಿಕ್ಕ ಅನ್ನಕ್ಕೆ ನೀರು ಹಾಕಿಟ್ಟರೆ ಬೆಳಗ್ಗೆ ಗಂಜಿ, ಉಪ್ಪಿನಕಾಯಿ, ಒಣಮೀನಿನ ಚಟ್ನಿ. ತಿಂಡಿಯ ಖರ್ಚೇ ಇಲ್ಲ, ಹೊಟ್ಟೆಗೂ ತಂಪು. ಸೆಖೆಗಾಲದಲ್ಲಿ ಮಾತ್ರ ಅದನ್ನು ಫ್ರಿಜ್ಜಿನಲ್ಲೇ ಇಡಬೇಕು.

ರಜೆಯ ದಿನ ದೇರಾದ ವಾಟರ್‌ಫ್ರಂಟ್ ಮಾರ್ಕೆಟಿಗೆ ಇಬ್ಬರು ಹೋಗಿ ವಾರದ ಮೀನು ತಂದರೆ ಸಾಕು. ತಂದದ್ದನ್ನು ಅಂದೇ ಕೊಯ್ದು ತೊಳೆದು, ನೀರು ಚೆನ್ನಾಗಿ ಬಸಿದು, ಒಂದು ಹೊತ್ತಿಗೆ ಒಂದು ಚೀಲದಂತೆ ಕಟ್ಟಿ ಫ್ರೀಜರಿಗೆ ಹಾಕಿ. ಒಂದೇ ದೊಡ್ಡ ಚೀಲದಲ್ಲಿ ಹಾಕಿ ಪ್ರತಿಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಬೂತಾಯಿ ಪುಡಿಪುಡಿಯಾಗುತ್ತದೆ, ಎಣ್ಣೆಯ ಮೀನಾದ್ದರಿಂದ ಕಮಟೂ ಬೇಗ ಹಿಡಿಯುತ್ತದೆ. ಬೂತಾಯಿ, ಬಂಗುಡೆ ಮೊದಲು ಖಾಲಿಯಾಗಲಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತ್ಯ ಹುರಿದು ತೆಂಗಿನಕಾಯಿ ಜೊತೆ ಒಟ್ಟಿಗೆ ರುಬ್ಬಿ, ಐಸ್ ತಟ್ಟೆಯ ಗುಂಡಿಗಳಿಗೆ ತುಂಬಿಟ್ಟರೆ ಕೆಲಸ ಬಿಟ್ಟು ಬಂದು ಅರ್ಧ ಗಂಟೆಯಲ್ಲಿ ಸಾರು ಆಗುತ್ತದೆ. ಹೋಟೆಲಿಗೆ ಕಾಲು ತಿರುಗುವುದು ರುಚಿಗಾಗಿ ಅಲ್ಲ, ರಾತ್ರಿ ಒಂಬತ್ತಕ್ಕೆ ದಣಿದು ಬಂದವನಿಗೆ ರುಬ್ಬುವ ಶಕ್ತಿ ಇರುವುದಿಲ್ಲ ಎಂಬ ಕಾರಣಕ್ಕೆ.

ಮೆಸ್ಸು ಮುರಿಯುವುದು ಅಡುಗೆಯ ಪಾಳಿಗಿಂತ ಹೆಚ್ಚಾಗಿ ಲೆಕ್ಕದಿಂದ. ಮೀನು ತಿನ್ನದವನೂ ಮೀನಿನ ಪಾಲು ಕೊಡಬೇಕಾಗುತ್ತದೆ, ಹದಿನೈದು ದಿನ ಸೈಟಿಗೆ ಹೋದವನಿಂದಲೂ ಪೂರ್ತಿ ವಸೂಲಾಗುತ್ತದೆ, ಒಬ್ಬನ ನೆಂಟರು ಮೂರು ದಿನ ಉಳಿಯುತ್ತಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಒಂದು ದಿನ ಮೆಸ್ಸೇ ನಿಲ್ಲುತ್ತದೆ. ಅಕ್ಕಿ, ಬೇಳೆ, ಎಣ್ಣೆ, ಕಾಯಿ, ಗ್ಯಾಸು ಸಮಪಾಲು, ಮೀನು ಕೋಳಿ ತಿನ್ನುವವರಿಗೆ ಮಾತ್ರ. ಐದು ದಿನಕ್ಕಿಂತ ಹೆಚ್ಚು ಇಲ್ಲದಿದ್ದರೆ ಕಡಿತ, ನೆಂಟರಿದ್ದರೆ ದಿನಕ್ಕೆ ಇಷ್ಟು ಎಂದು ಮೊದಲೇ ಗೊತ್ತುಮಾಡಿ. ತಂದ ಸಾಮಾನಿನ ಬಿಲ್ಲಿನ ಫೋಟೊ ಅಂದೇ ರೂಮಿನ ವಾಟ್ಸಾಪ್ ಗುಂಪಿಗೆ ಬೀಳಲಿ.

ದುಡ್ಡು ಊರಿಗೆ ಕಳಿಸುವುದು ಹೇಗೆ? ದಿರ್ಹಮನ್ನು 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದಾರೆ. ಹಾಗಾಗಿ ದಿರ್ಹಮಿನ ರೇಟು ಏರಿತು ಎಂದರೆ ಡಾಲರಿನ ಎದುರು ರೂಪಾಯಿ ಇಳಿಯಿತು ಎಂದಷ್ಟೇ ಅರ್ಥ. 2010ರ ಸುಮಾರಿಗೆ ದಿರ್ಹಮಿಗೆ 12 ರೂಪಾಯಿ ಇತ್ತು, 2025ರಲ್ಲಿ 23 ದಾಟಿತು. ಮನೆಗೆ ರೂಪಾಯಿ ಹೆಚ್ಚು ಬರುವುದರಿಂದ ಸಂಬಳವೇ ಹೆಚ್ಚಾದಂತೆ ಕಾಣುತ್ತದೆ, ಆದರೆ ಬೆಡ್ಡಿನ ಬಾಡಿಗೆ ಕೊಡಬೇಕಾದದ್ದು ಅದೇ ದಿರ್ಹಮಿನಲ್ಲಿ.

ಹಣ ಕಳಿಸುವ ಎಕ್ಸ್‌ಚೇಂಜಿನ ಬೋರ್ಡಿನಲ್ಲಿರುವ ರೇಟನ್ನೋ ‘ಶುಲ್ಕ ಇಲ್ಲ’ ಎಂಬ ಮಾತನ್ನೋ ನಂಬಿ ಹೋಗಬೇಡಿ. ಊರಿನ ಖಾತೆಗೆ ಬಂದು ಬೀಳುವ ರೂಪಾಯಿಯನ್ನು ನಿಮ್ಮ ಕೈಬಿಟ್ಟ ಒಟ್ಟು ದಿರ್ಹಮಿನಿಂದ ಭಾಗಿಸಿ ನೋಡಿ. ಒಂದು ಕಡೆ ಶುಲ್ಕವಿಲ್ಲ, ರೇಟು 23.00 ಎನ್ನಿ. ಇನ್ನೊಂದು ಕಡೆ ಶುಲ್ಕ 20 ದಿರ್ಹಮ್, ರೇಟು 23.40. ಸಾವಿರ ಕಳಿಸಿದರೆ ಎರಡನೆಯ ಕಡೆ 1,020 ಕೊಟ್ಟು 23,400 ಸಿಕ್ಕಿತು, ಅಂದರೆ ದಿರ್ಹಮಿಗೆ 22.94. ಮೊದಲನೆಯದೇ ಲೇಸು. ಅದೇ 2,500 ಕಳಿಸಿದರೆ ಎರಡನೆಯದು 23.21 ಆಗುತ್ತದೆ. ಈ ಲೆಕ್ಕದಲ್ಲಿ 1,150 ದಿರ್ಹಮ್ ಎಂಬುದು ತಕ್ಕಡಿ ಸಮವಾಗುವ ಜಾಗ. ಶುಲ್ಕ ಇರುವ ಕಡೆ ತಿಂಗಳಿಗೆ ನಾಲ್ಕು ಸಲ ಚೂರುಚೂರು ಕಳಿಸುವವರು ಅದಕ್ಕೇ ಸೋಲುತ್ತಾರೆ.

ರೇಟು ಏರಲಿ ಎಂದು ಕಾಯುವುದಕ್ಕೂ ಮಿತಿ ಇದೆ. ಹತ್ತು ಪೈಸೆ ಏರಿದರೆ ಸಾವಿರ ದಿರ್ಹಮಿಗೆ ನೂರು ರೂಪಾಯಿ ಲಾಭ. ಊರಿನಲ್ಲಿ ತಿಂಗಳಿಗೆ ನೂರಕ್ಕೆ ಒಂದರಂತೆ ಚಿನ್ನದ ಸಾಲ ಇದ್ದರೆ 23,000 ರೂಪಾಯಿಗೆ ತಿಂಗಳ ಬಡ್ಡಿಯೇ 230. ಹದಿನೈದು ದಿನ ಕಾದರೆ ಲಾಭ ಮುಗಿಯಿತು. ಒಳ್ಳೆಯ ರೇಟು ಬಂತೆಂದು ಅಲ್ಲಿ ಪರ್ಸನಲ್ ಲೋನ್ ತೆಗೆದು ಊರಿಗೆ ಕಳಿಸುವುದಂತೂ ಬೇಡವೇ ಬೇಡ. ಯುಎಇ ಕೇಂದ್ರ ಬ್ಯಾಂಕಿನ ನಿಯಮದಲ್ಲಿ ಅಂಥ ಸಾಲ ಸಂಬಳದ 20 ಪಟ್ಟು, 48 ತಿಂಗಳು, ಎಲ್ಲ ಕಂತು ಸೇರಿ ಸಂಬಳದ ಅರ್ಧ ಮೀರಬಾರದು ಎಂದಿದೆ. ಅಷ್ಟು ತೆಗೆದುಕೊಳ್ಳಬಹುದು ಎಂದು ಅದನ್ನು ಓದಿಕೊಂಡವರು ನಾಲ್ಕು ವರ್ಷ ಅರ್ಧ ಸಂಬಳದಲ್ಲಿ ಬದುಕುತ್ತಾರೆ, ಕೆಲಸ ಬಿಡುವ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳುತ್ತಾರೆ.

ಕಳಿಸಿದ ದುಡ್ಡು ಯಾವ ಖಾತೆಯಲ್ಲಿ ಕೂರುತ್ತದೆ ಎನ್ನುವುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಹೊರದೇಶಕ್ಕೆ ಕೆಲಸಕ್ಕೆ ಹೋದ ಮೇಲೆ ಊರಿನ ಹಳೆಯ ಉಳಿತಾಯ ಖಾತೆಯನ್ನು ಹಾಗೇ ಬಳಸುವಂತಿಲ್ಲ, ಎನ್‌ಆರ್‌ಒ ಎಂಬ ಅನಿವಾಸಿ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಊರಿನ ಆದಾಯ, ಅಂದರೆ ಬಾಡಿಗೆ, ಅಡಿಕೆ ಮಾರಿದ ಹಣ, ಇವೆಲ್ಲ ಅದರಲ್ಲಿ. ಗಲ್ಫಿನ ಸಂಬಳ ಎನ್‌ಆರ್‌ಇ ಎಂಬ ಇನ್ನೊಂದು ಅನಿವಾಸಿ ಖಾತೆಗೆ. ನೀವು ಅನಿವಾಸಿಯಾಗಿರುವವರೆಗೆ ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ, ಎನ್‌ಆರ್‌ಒ ಬಡ್ಡಿಯಲ್ಲಿ ಬ್ಯಾಂಕು ನೂರಕ್ಕೆ ಮೂವತ್ತನ್ನೂ ಅದರ ಮೇಲಿನ ಸೆಸ್ಸನ್ನೂ ಮುರಿದುಕೊಳ್ಳುತ್ತದೆ. ಮನೆಖರ್ಚಿನ 1,000 ಅಮ್ಮನ ಖಾತೆಗೆ ಹೋಗಲಿ, 900 ನಿಮ್ಮ ಎನ್‌ಆರ್‌ಇಗೆ. ಎರಡನ್ನೂ ಒಂದೇ ಖಾತೆಗೆ ಕಳಿಸಿದರೆ ಅದರಲ್ಲಿ ಉಳಿತಾಯ ಯಾವುದು, ಖರ್ಚಿನದು ಯಾವುದು ಎಂದು ಅಮ್ಮನಿಗಾದರೂ ಹೇಗೆ ಗೊತ್ತಾಗಬೇಕು? ಬೇಕೆಂದರೆ ಹತ್ತಿರದ ಸಂಬಂಧಿಯ ಹೆಸರನ್ನು ಎನ್‌ಆರ್‌ಇಗೆ ‘ಫಾರ್ಮರ್ ಆರ್ ಸರ್ವೈವರ್’ (ನೀವಿರುವವರೆಗೆ ಖಾತೆ ನಿಮ್ಮದು, ನಿಮ್ಮ ನಂತರ ಅವರದು) ಎಂಬ ಷರತ್ತಿನಲ್ಲಿ ಸೇರಿಸಬಹುದು.

ಎನ್‌ಆರ್‌ಇ ನಿರಖು ಠೇವಣಿಗೆ ಕನಿಷ್ಠ ಅವಧಿ ಒಂದು ವರ್ಷ. ಅದಕ್ಕೆ ಮೊದಲೇ ಮುರಿದರೆ ಒಂದು ಪೈಸೆ ಬಡ್ಡಿ ಇಲ್ಲ. ಆದ್ದರಿಂದ ಎರಡೂವರೆ ಲಕ್ಷ ಕೂಡುವವರೆಗೆ ಕಾದು ಒಂದೇ ಠೇವಣಿ ಮಾಡುವುದಕ್ಕಿಂತ ತಿಂಗಳಿಗೆ 20,000ದ ಒಂದೊಂದು ಮಾಡಿ. ವರ್ಷ ಕಳೆದ ಮೇಲೆ ಪ್ರತಿ ತಿಂಗಳೂ ಒಂದು ಕೈಗೆ ಬರುತ್ತದೆ. ಆಸ್ಪತ್ರೆಗೆಂದು ದುಡ್ಡು ಬೇಕಾದಾಗ ಒಂದನ್ನು ಮುರಿದರೆ ಸಾಕು, ಉಳಿದ ಹನ್ನೊಂದು ಮುಟ್ಟುವುದು ಬೇಡ. ಒಂದು ಪರ್ಸೆಂಟ್ ಹೆಚ್ಚು ಸಿಗುತ್ತದೆಂದು ಊರಿನ ಸೌಹಾರ್ದ ಸಂಘಕ್ಕೆ ಮನೆಯವರ ಹೆಸರಿನಲ್ಲಿ ಎಲ್ಲವನ್ನೂ ಹಾಕುವ ಮೊದಲು ಒಂದು ವಿಷಯ ತಿಳಿದಿರಲಿ: ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲೂ, ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಸಾಲ ಸಹಕಾರಿ ಸಂಘಗಳಿಗೆ ಆ ವಿಮೆ ಇಲ್ಲ.

ಊರಿನ ಕರೆಗಳ ಮಾತು. ಕೋಲ, ಹರಕೆಯ ಯಕ್ಷಗಾನ, ಬ್ರಹ್ಮಕಲಶ, ಚರ್ಚಿನ ಹಬ್ಬ, ಉರೂಸು, ಕ್ರಿಕೆಟ್ ಟೂರ್ನಮೆಂಟು. ವಂತಿಗೆ ಕೊಡುವುದು ನಮ್ಮ ಕಡೆಯ ಬದುಕಿನ ಭಾಗ, ಅದು ಬೇಡ ಎನ್ನುವುದು ಸರಿಯಲ್ಲ. ಈಗ ಗಲ್ಫಿನ ಮೊಬೈಲ್ ನಂಬರಿಗೂ ಎನ್‌ಆರ್‌ಇ ಖಾತೆಯಿಂದ ಯುಪಿಐ ಸಿಗುತ್ತದೆ, ಕ್ಯೂಆರ್ ಕೋಡು ಫೋನಿಗೇ ಬರುತ್ತದೆ. ನಿಂತಲ್ಲೇ ಐದು ಸಾವಿರ ಹೋಗಿರುತ್ತದೆ. ವರ್ಷದ ವಂತಿಗೆ ಇಷ್ಟು ಎಂದು ಜನವರಿಯಲ್ಲೇ ಮನೆಯವರ ಜೊತೆ ಕೂತು ತೀರ್ಮಾನಿಸಿ, ಆ ದುಡ್ಡನ್ನು ಅಮ್ಮನ ಕೈಯಲ್ಲಿ ಕೊಡಿ. ಫೋನು ಬಂದರೆ ‘ಅಣ್ಣ, ಕೊಡುದು ಎಲ್ಲ ಅಮ್ಮನೇ ನೋಡ್ಕೊಳ್ಳುದು, ಮನೆಗೆ ಒಮ್ಮೆ ಬನ್ನಿ’ ಎಂದರೆ ಯಾರಿಗೂ ಬೇಸರವಿಲ್ಲ, ಕೊಟ್ಟ ಮರ್ಯಾದೆಯೂ ಮನೆಯ ಹೆಸರಿನಲ್ಲೇ ಉಳಿಯುತ್ತದೆ.

ಕೆಲಸ ಹೋದರೆ ಎಂಬ ಯೋಚನೆಗೆ ಮೂರು ತಿಂಗಳ ಖರ್ಚು, ಮೇಲಿನ ಲೆಕ್ಕದಲ್ಲಿ 6,300 ದಿರ್ಹಮ್, ಅಲ್ಲಿಯ ಬ್ಯಾಂಕಿನಲ್ಲೇ ಇರಲಿ. 2023ರಿಂದ ಕಡ್ಡಾಯವಾದ ನಿರುದ್ಯೋಗ ವಿಮೆಗೆ ಮೂಲವೇತನ 16,000 ದಿರ್ಹಮಿನವರೆಗೆ ತಿಂಗಳಿಗೆ 5 ದಿರ್ಹಮ್. ಹನ್ನೆರಡು ತಿಂಗಳು ಬಿಡದೆ ಕಟ್ಟಿದ್ದರೆ, ನಿಮ್ಮ ತಪ್ಪಿಲ್ಲದೆ ಕೆಲಸ ಹೋದಾಗ ಮೂಲವೇತನದ ನೂರಕ್ಕೆ 60ರಂತೆ ಹೆಚ್ಚೆಂದರೆ ಮೂರು ತಿಂಗಳು ಸಿಗುತ್ತದೆ. ಕೆಲಸ ಬಿಡುವಾಗ ಸಿಗುವ ಗ್ರಾಚುಟಿಯೂ ಮೂಲವೇತನದ ಮೇಲೆಯೇ: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ್ದು, ಆಮೇಲೆ 30 ದಿನದ್ದು. ಒಟ್ಟು ಸಂಬಳ 4,000ವೇ ಇರಲಿ, ಮೂಲವೇತನ 2,000 ಆದರೆ ಹತ್ತು ವರ್ಷಕ್ಕೆ 17,000, 2,400 ಆದರೆ 20,400. ಆಫರ್ ಲೆಟರಿಗೆ ಸಹಿ ಹಾಕುವ ಮೊದಲು ಮೂಲವೇತನ ಬರೆದಿರುವ ಸಾಲನ್ನು ಹುಡುಕಿ ನೋಡಿ. ಅಲವೆನ್ಸ್ ಎಷ್ಟು ಉಬ್ಬಿಸಿದರೂ ಕೊನೆಯ ದಿನ ಲೆಕ್ಕಕ್ಕೆ ಬರುವುದಿಲ್ಲ.

ಕೊನೆಗೆ ದುಡ್ಡೆಲ್ಲ ಹೋಗಿ ಸೇರುವುದು ಮಣ್ಣಿಗೆ. ಅನಿವಾಸಿಯಾಗಿರುವಾಗ ಕೃಷಿಭೂಮಿ, ಪ್ಲಾಂಟೇಶನ್, ತೋಟದ ಮನೆ ಖರೀದಿಸಲು ವಿದೇಶಿ ವಿನಿಮಯದ ಕಾನೂನು ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದದ್ದಕ್ಕೆ ಅಡ್ಡಿಯಿಲ್ಲ. ಪುತ್ತೂರಿನ ಕಡೆ ಅಡಿಕೆ ತೋಟ ನೋಡಿ ಮುಂಗಡ ಕೊಡುವ ಮೊದಲು ಇದು ತಿಳಿದಿರಬೇಕು. ಅಪ್ಪನ ಹೆಸರಿನಲ್ಲಿ ಕೊಂಡರೆ ಅದು ಅಪ್ಪನದು, ಮುಂದೆ ಅಕ್ಕತಮ್ಮಂದಿರ ಪಾಲೂ ಅದರಲ್ಲಿ ಇರುತ್ತದೆ. ಮನೆ ಕಟ್ಟುವ ಸೈಟಿಗೆ, ಫ್ಲ್ಯಾಟಿಗೆ ಈ ತಡೆ ಇಲ್ಲ.

ಮನೆಯನ್ನು ತಿಂಗಳ ಸಂಬಳ ನಂಬಿ ಶುರುಮಾಡಬೇಡಿ. ಕರಾವಳಿಯಲ್ಲಿ ಕೆಲಸಕ್ಕೆ ಸಿಗುವುದು ಅಕ್ಟೋಬರಿನಿಂದ ಮೇ ತಿಂಗಳವರೆಗೆ. ಪಂಚಾಂಗದಿಂದ (ಅಡಿಪಾಯದಿಂದ) ಸ್ಲ್ಯಾಬಿನವರೆಗಿನ ದುಡ್ಡು ಪೂರ್ತಿ ಠೇವಣಿಯಲ್ಲಿ ಕೂಡಿದ ವರ್ಷ ಮಳೆ ನಿಂತ ಕೂಡಲೇ ತೊಡಗಿದರೆ ಮುಂದಿನ ಮಳೆಗೆ ಮುಂಚೆ ಸ್ಲ್ಯಾಬು ಬೀಳುತ್ತದೆ. ಒಳಗಿನ ಸಾರಣೆ, ನೆಲ, ಬಾಗಿಲನ್ನು ಆಮೇಲೆ ತಿಂಗಳ ದುಡ್ಡಿನಲ್ಲಿ ನಿಧಾನಕ್ಕೆ ಮಾಡಬಹುದು, ಸೂರು ಬಿದ್ದ ಮೇಲೆ ಕೆಡುವಂಥದ್ದು ಹೆಚ್ಚೇನೂ ಇರುವುದಿಲ್ಲ. ಹಾಗೆ ಮಾಡದೆ ಅರ್ಧಕ್ಕೆ ನಿಂತ ಮನೆಗಳು ಊರೂರಿನಲ್ಲೂ ಕಾಣುತ್ತವೆ: ಕೆಂಪುಕಲ್ಲಿನ ಗೋಡೆಯ ಮೇಲ್ಸಾಲು ನೀರು ಕುಡಿದು ಹಾವಸೆ ಕಟ್ಟಿರುತ್ತದೆ, ಕಂಬದ ತಲೆಯಲ್ಲಿ ಚಾಚಿಕೊಂಡ ಕಬ್ಬಿಣದ ರಾಡು ಮೂರು ಮಳೆಗಾಲದಲ್ಲಿ ಸಿಪ್ಪೆಸಿಪ್ಪೆಯಾಗಿ ಎದ್ದಿರುತ್ತದೆ. ನಿಲ್ಲಿಸಲೇಬೇಕಾಗಿ ಬಂದರೆ ಆ ರಾಡುಗಳಿಗೆ ಗಟ್ಟಿಯಾದ ಸಿಮೆಂಟ್ ಹಾಲನ್ನು ಎರಡು ಸಲ ಬಳಿದು ಪ್ಲಾಸ್ಟಿಕ್ ಸುತ್ತಿ ಕಟ್ಟಿಸಿ, ಗೋಡೆಯ ಮೇಲ್ಸಾಲಿಗೆ ಒಂದು ಇಂಚು ಗಾರೆ ಎಳೆಸಿ ಇಳಿಜಾರು ಕೊಡಿಸಿ. ಮತ್ತೆ ಕೆಲಸ ಹಿಡಿಯುವಾಗ ತಂತಿಯ ಬ್ರಷ್ಷಿನಿಂದ ತುಕ್ಕನ್ನೆಲ್ಲ ಉಜ್ಜಿ ತೆಗೆಸಿ, ರಾಡಿನ ದಪ್ಪ ಎಷ್ಟು ಉಳಿದಿದೆ ಎಂದು ಇಂಜಿನಿಯರರಿಂದ ಅಳೆಸಿ ನೋಡಿದ ಮೇಲೆಯೇ ಕಾಂಕ್ರೀಟು ಹಾಕಿಸಿ.